ಉಪ್ಪಿನ ಯಾಲ್ಮರನ ಸವಾರಿ

ಲೆಂಪಿ ಬ್ರೇಕು ತುಳಿದಳು. ಬೆಣ್ಣೆಯೊಳಗೆ ಕಾಲಿಟ್ಟ ಹಾಗಾಯಿತು. ಪೆಡಲು ಸೀದಾ ತಳಕ್ಕೆ ಹೋಗಿ ಅಲ್ಲೇ ಕೂತಿತು. ಇನ್ನೊಂದು ಸಲ ತುಳಿದಳು. ಏನೂ ಇಲ್ಲ. ಇಗರ್ಜಿಯ ಅಂಗಳದಲ್ಲಿ ಕಪ್ಪು ಕೋಟು ಹಾಕಿಕೊಂಡು ಗಂಭೀರವಾಗಿ ನಿಂತಿದ್ದ ಜನ ಕೋಳಿಗಳ ಹಾಗೆ ಎರಡೂ ಪಕ್ಕಕ್ಕೆ ಚೆದುರಿದರು.

ಅವಳು ಕಿರುಚಲಿಲ್ಲ. ಯಾಲ್ಮರನ ಜೊತೆ ಒಂದು ಆಯುಷ್ಯ ಬಾಳಿದವಳಿಗೆ ಇಷ್ಟಾದರೂ ಗೊತ್ತಿರುತ್ತದೆ: ಬ್ರೇಕು ಹೋದರೆ ದಾರಿ ಹುಡುಕಬಾರದು, ಹಿಮ ಹುಡುಕಬೇಕು. ಏಪ್ರಿಲ್ ಮುಗಿಯುತ್ತ ಬಂದಿದ್ದರೂ ಇಗರ್ಜಿಯ ಉತ್ತರದ ಗೋಡೆಯ ನೆರಳಲ್ಲಿ ಚಳಿಗಾಲವೆಲ್ಲ ಒತ್ತರಿಸಿ ಹಾಕಿದ್ದ ಹಿಮದ ರಾಶಿ ಎದೆಮಟ್ಟ ಉಳಿದಿತ್ತು, ಕೊಳೆ ಹಿಡಿದು ಕರ್ರಗೆ. ಲೆಂಪಿ ಸ್ಟೇರಿಂಗ್ ಅತ್ತ ತಿರುಗಿಸಿದಳು. ಹಳೆಯ ನೀಲಿ ಪಿಕಪ್ಪು ಧೊಪ್ಪನೆ ಮೂತಿ ಹುಗಿದು ನಿಂತಿತು.

ಅವಳು ಇಳಿದು, ವಾರೆಯಾಗಿದ್ದ ಟೋಪಿ ಸರಿಮಾಡಿಕೊಂಡು ಕೇಳಿದ ಮೊದಲ ಮಾತು: "ಒನ್ನಿ ಎಲ್ಲಿ?"

ಒನ್ನಿ ಅವಳ ತಮ್ಮ. ಅರವತ್ತು ದಾಟಿದ ಆಳು, ಅಕ್ಕನ ದನಿ ಕೇಳಿದರೆ ಈಗಲೂ ಹತ್ತು ವರ್ಷದವನಾಗುತ್ತಾನೆ. ಜನರ ಹಿಂದಿನಿಂದ ಮೆಲ್ಲಗೆ ಬಂದ.

"ನಿನ್ನೆ ಗಾಡಿ ತಗೊಂಡು ಹೋದ್ಯಲ್ಲ, ಏನ್ ಮಾಡ್ದೆ ಅದಕ್ಕೆ?"

"ತೊಳೆದೆ ಅಕ್ಕ."

"ಮೇಲೆ ತೊಳೆದ್ಯೋ, ಕೆಳಗೂ ತೊಳೆದ್ಯೋ?"

"ಕೆಳಗೂನೂ. ಪ್ರೆಶರ್ ಪೈಪ್ ಹಿಡಿದು ಚೆನ್ನಾಗಿ ಬಿಟ್ಟೆ. ಭಾವನ ಕೊನೇ ಸವಾರಿ, ನೀಟಾಗಿರ್ಲಿ ಅಂತ..."

ಅಂಗಳದಲ್ಲಿದ್ದ ಗಂಡಸರೆಲ್ಲ ಒಟ್ಟಿಗೇ ನರಳಿದರು. ಈ ಕೊಯಿವು ಹಳ್ಳಿಯಲ್ಲಿ, ಸುಪೀರಿಯರ್ ಸರೋವರದ ಈ ದಂಡೆಯಲ್ಲಿ, ಹಳೆಯ ಗಾಡಿಯ ಹೊಟ್ಟೆಗೆ ನೀರು ಹೊಡೆಯಬಾರದೆಂದು ಮಕ್ಕಳಿಗೂ ಗೊತ್ತು. ಹಿಮ ಕರಗಲೆಂದು ಅರ್ಧ ವರ್ಷ ರಸ್ತೆಗೆ ಉಪ್ಪು ಬೀಳುತ್ತದೆ. ಆ ಉಪ್ಪು ಬ್ರೇಕಿನ ಕಬ್ಬಿಣದ ಪೈಪನ್ನು ಮೆಲ್ಲಗೆ ತಿನ್ನುತ್ತದೆ. ತಿಂದು ಮುಗಿಸಿದ ಮೇಲೂ ಪೈಪು ಪೈಪಿನ ಹಾಗೆಯೇ ಕಾಣುತ್ತದೆ. ವರ್ಷ ವರ್ಷ ಬಳಿದ ಹಳೇ ಎಂಜಿನ್ ಆಯಿಲು, ಅದಕ್ಕೆ ಅಂಟಿದ ಮಣ್ಣು, ಅದರೊಳಗಿನ ತುಕ್ಕು, ಇವೇ ಸೇರಿ ಒಳಗಿನ ಎಣ್ಣೆಯನ್ನು ಹಿಡಿದುಕೊಂಡಿರುತ್ತವೆ. ಅದನ್ನು ತೊಳೆದರೆ ಮುಗಿಯಿತು.

"ಹಾಗಾದ್ರೆ ತುಕ್ಕನ್ನೆಲ್ಲ ತೆಗ್ದುಬಿಟ್ಟೆ. ಅಲ್ವೋ, ಆ ಗಾಡೀಲಿ ತುಕ್ಕು ಬಿಟ್ಟು ಬೇರೆ ಏನಿತ್ತೋ?" ಅಂದಳು ಲೆಂಪಿ.

"ಉಪ್ಪು ತಿಂದಿದ್ದು ನೀರು ಕುಡೀಲೇಬೇಕಲ್ಲ," ಎಂದು ಹಿಂದಿನಿಂದ ಯಾರೋ ಅಂದರು. ಅಂಗಳವೆಲ್ಲ ನಕ್ಕಿತು. ಲೆಂಪಿಗೂ ನಗು ಬಂತು, ಆದರೆ ತುಟಿ ಕಚ್ಚಿಕೊಂಡಳು. ಇಗರ್ಜಿಯೊಳಗೆ ಯಾಲ್ಮರ್ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಇಗರ್ಜಿ ಗುಡ್ಡದ ನೆತ್ತಿಯಲ್ಲಿತ್ತು, ಸ್ಮಶಾನ ಅದರ ಬುಡದಲ್ಲಿ. ಅವನನ್ನು ಇದೇ ಗಾಡಿಯಲ್ಲಿ, ತಾನೇ ಓಡಿಸಿಕೊಂಡು ಅಲ್ಲಿಗೆ ಒಯ್ಯುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಆ ಮಾತು ಈಗ ಹಿಮದ ರಾಶಿಗೆ ಮೂತಿಯಿಟ್ಟು ನಿಂತಿತ್ತು.

*

ಅವನನ್ನು ಅವಳು ಮೊದಲು ನೋಡಿದ್ದೂ ಹೀಗೆಯೇ.

ಆಗ ಅವಳಪ್ಪನ ಮನೆ ಇದೇ ಗುಡ್ಡದ ಬುಡದಲ್ಲಿತ್ತು. ಶನಿವಾರದ ಸಂಜೆ, ಅಂದರೆ ಹಬೆಸ್ನಾನದ ಮನೆ, ಸೌನಾ, ಕಾಯಿಸುವ ಹೊತ್ತು. ಲೆಂಪಿ ಒಳಗೆ ಬಿಸಿಕಲ್ಲಿನ ಮೇಲೆ ನೀರು ಚೆಲ್ಲಿ ಹಬೆಯಲ್ಲಿ ಕೂತಿದ್ದಾಗ ಹೊರಗೆ ಗುಡುಗಿದ ಹಾಗಾಯಿತು, ಮರದ ಗೋಡೆ ಅದುರಿತು. ಟವೆಲು ಸುತ್ತಿಕೊಂಡು, ಮೈಗೆ ಬಡಿದುಕೊಳ್ಳುವ ಬರ್ಚ್ ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದೇ ಹೊರಗೆ ಬಂದಳು. ಗೋಡೆಗೆ ಒಂದು ಮೊಳ ಈಚೆ, ಹಿಮದ ದಿಬ್ಬದೊಳಗೆ ಒಂದು ಪಿಕಪ್ಪು ಹೂತಿತ್ತು. ಅದರ ಹಿಂಭಾಗದಿಂದ ಆಲೂಗಡ್ಡೆ ಉರುಳುರುಳಿ ಹಿಮದಲ್ಲಿ ಮಾಯವಾಗುತ್ತಿದ್ದವು. ಉದ್ದ ಕೈಕಾಲಿನ ಹುಡುಗನೊಬ್ಬ ಬಾಗಿಲು ತೆಗೆದು ಇಳಿಯುತ್ತಿದ್ದ.

"ಕಣ್ಣು ಕಾಣಲ್ವಾ ನಿಂಗೆ?"

ಅವನು ತಕ್ಷಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಈಗ ಕಾಣಲ್ಲ. ಆದ್ರೆ ತಪ್ಪು ಕಣ್ಣಿಂದಲ್ಲ, ಬ್ರೇಕಿಂದು. ಗುಡ್ಡದ ತುದೀಲಿ ಇತ್ತು, ಅರ್ಧಕ್ಕೆ ಬರೋ ಹೊತ್ತಿಗೆ ಇಲ್ಲ."

"ಬೆರಳ ಸಂದೀಲಿ ನೋಡ್ತಿದ್ದೀಯ."

"ಸ್ವಲ್ಪ," ಅಂದ ಅವನು.

ಅವಳು ಸೊಪ್ಪಿನ ಕಟ್ಟಿನಿಂದ ಅವನ ತಲೆಗೊಂದು ಬಾರಿಸಿ ಒಳಗೆ ಹೋದಳು. ಹಿಮದಲ್ಲಿ ಹೂತ ಆಲೂಗಡ್ಡೆ ಹುಡುಕುವ ನೆಪದಲ್ಲಿ ಯಾಲ್ಮರ್ ಆ ಚಳಿಗಾಲವಿಡೀ ಬಂದ. ಹಿಮ ಕರಗಿ ಆಲೂಗಡ್ಡೆಗಳು ಕೊಳೆತು ಹೊರಗೆ ಕಾಣಿಸಿಕೊಂಡಾಗ ಅವನಿಗೆ ಅವುಗಳ ಕಡೆ ನೋಡಲು ಪುರುಸೊತ್ತಿರಲಿಲ್ಲ. ಮದುವೆಗೆ ಕೋಟು ಹೊಲಿಸುತ್ತಿದ್ದ.

*

"ಅಮ್ಮ, ಪೆಲ್ಕಿ ಅವರ ಗಾಡಿ ಇದೆಯಲ್ಲ. ಈಗ್ಲಾದ್ರೂ ಹಟ ಬಿಡು," ಅಂದಳು ಇರೀನ್. ಅವಳು ಲೆಂಪಿಯ ಒಬ್ಬಳೇ ಮಗಳು, ಪಕ್ಕದ ಊರಿನ ಶಾಲೆಯಲ್ಲಿ ಟೀಚರು. ಅಪ್ಪನನ್ನು ತುಕ್ಕು ಹಿಡಿದ ಗಾಡಿಯಲ್ಲಿ ಸೌದೆಯ ಹಾಗೆ ಹೇರಿಕೊಂಡು ಹೋಗುವುದು ಅವಳಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ.

ಶವಸಂಸ್ಕಾರದ ವ್ಯವಸ್ಥೆ ನೋಡುವ ಪೆಲ್ಕಿ ಕರೀ ಕೈಗವಸು ಹಾಕಿದ ಕೈಯಿಂದ ತನ್ನ ಕರೀ ಉದ್ದ ಗಾಡಿಯನ್ನು ತೋರಿಸಿದ. ಅದು ಮಳೆಯಲ್ಲಿ ನೆನೆದ ಕಾಗೆಯ ಹಾಗೆ ಮಿಂಚುತ್ತಿತ್ತು. "ಲೆಂಪಿ ಅವ್ರೆ, ಎಲ್ಲಾ ರೆಡಿ ಇದೆ. ಎರಡೇ ನಿಮಿಷ."

"ಅದ್ರಲ್ಲಿ ಹೋಗಲ್ಲ ಅಂದಿದ್ರು ಅವ್ರು."

"ಯಾಕಂತೆ?"

"'ಅದರ ಬ್ರೇಕ್ ಪೈಪು ಹಾಕಿದ್ದು ನಾನೇ, ನಂಗೆ ನಂಬಿಕೆ ಇಲ್ಲ' ಅಂದ್ರು."

ಪೆಲ್ಕಿಯ ಮುಖ ಬಿಳಿಚಿತು. ಬಗ್ಗಿ ತನ್ನ ಗಾಡಿಯ ಕೆಳಗೊಮ್ಮೆ ನೋಡಿದ. ಮುದಿ ಪಾದ್ರಿ ಕೆಟ್ಟುನೆನ್ ಪ್ರಾರ್ಥನೆಯ ಪುಸ್ತಕ ಮುಖಕ್ಕೆ ಹಿಡಿದುಕೊಂಡು ಭುಜ ಕುಣಿಸಿ ನಗುತ್ತಿದ್ದರು.

ಅಷ್ಟರಲ್ಲಿ ಗಂಡಸರು ತಡೆಯಲಾರದೆ ಕೋಟು ಬಿಚ್ಚಿ ಬೇಲಿಗೆ ನೇತುಹಾಕಿ, ಟೈಯನ್ನು ಬೆನ್ನಿಗೆ ಎಸೆದುಕೊಂಡು ಪಿಕಪ್ಪಿನ ಕೆಳಗೆ ತೂರಿದ್ದರು. ಹೊರಗೆ ಕಾಣುತ್ತಿದ್ದದ್ದು ಪಾಲಿಶು ಮಾಡಿದ ಬೂಟುಗಳ ಸಾಲು ಮಾತ್ರ. ಪ್ರತಿಯೊಬ್ಬನ ಗಾಡಿಯಲ್ಲೂ ಒಂದು ತುಂಡು ಪೈಪು, ಒಂದು ಕೀಲು, ಅರ್ಧ ಡಬ್ಬಿ ಬ್ರೇಕ್ ಎಣ್ಣೆ ಇದ್ದೇ ಇತ್ತು. ಒಂದು ತೂತು ಮುಚ್ಚಿದರು. ಒನ್ನಿ ಪೆಡಲು ತುಳಿದ. ಪಕ್ಕದಲ್ಲೇ ಇನ್ನೊಂದು ಕಡೆ ಎಣ್ಣೆ ಚಿಲ್ಲನೆ ಚಿಮ್ಮಿತು.

"ಲೋ, ಕಣ್ಣಿಗೆ ಬಿತ್ತು."

"ಬಾಯಿ ಮುಚ್ಕೊಂಡಿದ್ರೆ ಬಾಯಿಗೆ ಬೀಳಲ್ಲ. ಇಲ್ಲಿ ಮುಟ್ಟು, ನೋಡು, ರಸ್ಕು ಮುರಿದ ಹಾಗೆ ಮುರೀತದೆ."

"ಮುಂದಿನ ಚಕ್ರದ್ದು?"

"ಅದೂ ಹೋಯ್ತು, ಈಗ. ನಾನು ಬರೀ ನೋಡ್ದೆ ಅಷ್ಟೆ."

"ಹ್ಯಾಂಡ್‌ಬ್ರೇಕು?"

ಕೆಳಗಿದ್ದವರೆಲ್ಲ ಮಲಗಿದ್ದಲ್ಲೇ ನಕ್ಕರು. ಯಾಲ್ಮರನ ಹ್ಯಾಂಡ್‌ಬ್ರೇಕು ಯಾವತ್ತೋ ಕೈಗೆ ಕಿತ್ತು ಬಂದಿತ್ತು; ಅವನು ಅದರಲ್ಲಿ ಸೌನಾದ ಒಲೆ ಕೆದಕುತ್ತಿದ್ದ.

ಪೂರ್ತಿ ಪೈಪು ಹೊಸದು ಎಳೆಯಬೇಕೆಂದರೆ ಸಂಜೆಯಾಗುತ್ತದೆ. ಇಗರ್ಜಿಯ ನೆಲಮಾಳಿಗೆಯಲ್ಲಿ ಹೆಂಗಸರು ಮಾಂಸ ಆಲೂಗಡ್ಡೆ ತುಂಬಿದ ಪೇಸ್ಟಿಗಳನ್ನು ಬಿಸಿಗಿಟ್ಟಾಗಿತ್ತು. ಏಲಕ್ಕಿ ಬ್ರೆಡ್ಡಿನ ವಾಸನೆ ಮೆಟ್ಟಿಲು ಹತ್ತಿ ಅಂಗಳಕ್ಕೆ ಬರುತ್ತಿತ್ತು.

*

ಈ ಊರಿನವರು ಅವನನ್ನು ಉಪ್ಪಿನ ಯಾಲ್ಮರ್ ಎನ್ನುತ್ತಿದ್ದರು. ರಸ್ತೆ ಇಲಾಖೆಯ ದೊಡ್ಡ ಲಾರಿಯಲ್ಲಿ ಹಿಮ ತಳ್ಳುತ್ತ, ಹಿಂದೆ ಉಪ್ಪು ಚೆಲ್ಲುತ್ತ ಹೋಗುವುದು ಅವನ ಕೆಲಸ. ಜನ ಏಳುವ ಮೊದಲು ಗುಡ್ಡ ಹತ್ತಿ ಇಳಿದಿರುತ್ತಿದ್ದ. ಅವನು ಚೆಲ್ಲಿದ ಉಪ್ಪಿನಿಂದ ಶಾಲೆಯ ಬಸ್ಸು ಜಾರಲಿಲ್ಲ, ಬಸುರಿಯರು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರು. ಅದೇ ಉಪ್ಪಿನಿಂದ ಊರಿನ ಒಂದೊಂದು ಗಾಡಿಯೂ ಬುಡದಿಂದ ಕೊಳೆಯಿತು.

"ಯಾಲ್ಮರ್, ನನ್ನ ಗಾಡಿ ತಿಂದ್ಯಲ್ಲೋ," ಎಂದು ಅಂಗಡಿಯಲ್ಲಿ ಕೆಣಕುತ್ತಿದ್ದರು.

"ತಿಂದೆ. ಏಪ್ರಿಲ್‌ನಲ್ಲಿ ಬರ್ತೀನಿ ತಡಿ," ಎನ್ನುತ್ತಿದ್ದ.

ಏಪ್ರಿಲ್‌ನಲ್ಲಿ ಬರುತ್ತಲೂ ಇದ್ದ. ಹಳೇ ಕಂಬಳಿಯೊಂದನ್ನು ಹಾಸಿಕೊಂಡು ಮನೆಮನೆಯ ಗಾಡಿಯ ಕೆಳಗೆ ಮಲಗಿ, ಬ್ಯಾಟರಿ ಹಿಡಿದು ಪೈಪನ್ನು ಬೆರಳಲ್ಲಿ ಸವರುತ್ತ ಹೋಗುತ್ತಿದ್ದ. ಕೊಳೆತದ್ದನ್ನು ಕತ್ತರಿಸಿ ಹೊಸ ತುಂಡು ಸೇರಿಸುತ್ತಿದ್ದ. ಕಾಫಿ ಕೊಟ್ಟರೆ ಕುಡಿಯುತ್ತಿದ್ದ, ಬ್ರೆಡ್ಡು ಕೊಟ್ಟರೆ ಎರಡು ತಿನ್ನುತ್ತಿದ್ದ. ಊರಿನ ಗಾಡಿಗಳೆಲ್ಲ ಮುಗಿದು ಅವನದರ ಸರದಿ ಬರುವ ಹೊತ್ತಿಗೆ ಮೀನಿನ ಕಾಲ ಶುರುವಾಗಿರುತ್ತಿತ್ತು. ತನ್ನದಕ್ಕೆ ಆಯಿಲು ಬಳಿದು, "ಇನ್ನೊಂದ್ ವರ್ಷ ತಡೀತದೆ ಬಿಡೆ," ಎಂದು ಗಾಳ ಎತ್ತಿಕೊಂಡು ಹೊರಡುತ್ತಿದ್ದ.

ಹೋದ ತಿಂಗಳು ಸೌನಾದ ಬೆಂಚಿನ ಮೇಲೆ, ಉಸಿರು ಕಟ್ಟುತ್ತಿದ್ದರೂ ಇನ್ನೊಂದು ಸೌಟು ನೀರು ಕಲ್ಲಿಗೆ ಚೆಲ್ಲಿಸಿಕೊಂಡು ಹೇಳಿದ್ದ: "ಲೆಂಪಿ, ಗುಡ್ಡ ಇಳಿಯೋವಾಗ ನೀನೇ ಓಡ್ಸು. ನಂಗೆ ಬೇರೆಯವರ ಪಕ್ಕ ಕೂತು ಅಭ್ಯಾಸ ಇಲ್ಲ."

"ನೀವು ಪಕ್ಕ ಎಲ್ಲಿ ಕೂರ್ತೀರಿ? ಹಿಂದೆ ಮಲಗಿರ್ತೀರಿ."

"ಇನ್ನೂ ಒಳ್ಳೇದು. ನಿನ್ನ ಬೈಗುಳ ಕೇಳಲ್ಲ," ಅಂದಿದ್ದ.

*

ಗಂಡಸರು ಒಬ್ಬೊಬ್ಬರಾಗಿ ಗಾಡಿಯ ಕೆಳಗಿನಿಂದ ಹೊರಗೆ ಬಂದು ಮೊಣಕೈ ಒರೆಸಿಕೊಂಡು ಕೋಟು ಹಾಕಿಕೊಂಡರು. ಯಾರೂ ಲೆಂಪಿಯ ಮುಖ ನೋಡಲಿಲ್ಲ. ಪೆಲ್ಕಿ ಕೆಮ್ಮಿ ಗಡಿಯಾರ ನೋಡಿಕೊಂಡ. ಕೊಟ್ಟ ಮಾತು ಸೋತಿತು ಎಂದು ಲೆಂಪಿಗೆ ಅನಿಸಿತು. ಅವಳು ನೀಲಿ ಬಾಗಿಲಿನ ಮೇಲೆ ಕೈಯಿಟ್ಟಳು. ಒನ್ನಿ ತೊಳೆದದ್ದಕ್ಕೆ ಅದು ಹೊಸದರ ಹಾಗೆ ಹೊಳೆಯುತ್ತಿತ್ತು. ಹಾಳಾದವನು ಮೇಲೆ ಎಷ್ಟು ಚೆನ್ನಾಗಿ ತೊಳೆದಿದ್ದಾನೆ ಎಂದುಕೊಂಡಳು. ಅದೇಕೋ ಆಗ ಮಾತ್ರ ಅವಳ ಕಣ್ಣು ತುಂಬಿತು.

"ಅಕ್ಕ," ಅಂದ ಒನ್ನಿ. "ಭಾವನ್ನ ಗುಂಡಿಗೆ ಇಳಿಸೋದು ಹೇಗೆ?"

"ಇದೇನು ಕೇಳ್ತೀಯ? ಎಲ್ಲರನ್ನೂ ಇಳಿಸೋ ಹಾಗೆ. ಹಗ್ಗ ಹಿಡಿದು."

"ಯಾರು ಹಿಡಿಯೋದು?"

"ಊರವರು."

"ಮತ್ತೆ ಇಲ್ಲಿಂದಲೇ ಹಿಡಿದ್ರಾಯ್ತಲ್ಲ," ಅಂದ ಒನ್ನಿ.

ಎಲ್ಲರ ಕಣ್ಣೂ ಗುಡ್ಡದ ಇಳಿಜಾರಿನ ಕಡೆ ಹೋಯಿತು, ಅಲ್ಲಿಂದ ಗಾಡಿಯ ಹಿಂದಿನ ಕೊಂಡಿಯ ಕಡೆ ಬಂತು.

"ಕೊಂಡಿ ಗಟ್ಟಿ ಇದೆಯಾ?"

"ಹೋದ ವರ್ಷ ಭಾವನೇ ಬೆಸುಗೆ ಹಾಕಿದ್ದು. ಈ ಗಾಡೀಲಿ ಗಟ್ಟಿ ಇರೋದು ಅದೊಂದೇ."

"ಇದು ನಿಯಮಕ್ಕೆ ವಿರುದ್ಧ," ಅಂದ ಪೆಲ್ಕಿ. "ವಿಮೆಯವರು..."

"ಪೆಲ್ಕಿ, ನೀನು ಎಡಗಡೆ ಹಿಡಿ," ಅಂದರು ಪಾದ್ರಿಗಳು, ನಿಲುವಂಗಿಯ ತೋಳು ಮಡಚಿಕೊಳ್ಳುತ್ತ.

ಲೆಂಪಿ ಮಗಳನ್ನು ನೋಡಿದಳು. ಇರೀನ್ ಗಾಡಿಯ ಹಿಂಭಾಗಕ್ಕೆ ಹತ್ತಿ, ಅಲ್ಲಿ ಅಪ್ಪ ಸಾಮಾನು ಇಡುತ್ತಿದ್ದ ಮರದ ಪೆಟ್ಟಿಗೆ ತೆರೆದಳು. ಒನ್ನಿ ನೀರು ತಾಗಿಸದೆ ಬಿಟ್ಟಿದ್ದ ಜಾಗ ಅದೊಂದೇ. ಒಳಗೆ ಹರಿದ ಉಪ್ಪಿನ ಚೀಲದ ಮೇಲೆ ದಪ್ಪನೆಯ ಹಗ್ಗದ ಸುರುಳಿಗಳು ಉಪ್ಪು ಮೆತ್ತಿಕೊಂಡು ಬಿದ್ದಿದ್ದವು. ಹಳ್ಳಕ್ಕೆ ಬಿದ್ದ ಗಾಡಿಗಳನ್ನು ಎಳೆಯಲು ಯಾಲ್ಮರ್ ಇಟ್ಟುಕೊಂಡಿದ್ದ ಹಗ್ಗ. ಅವಳು ಅದನ್ನು ಕೊಡವಿ ಕೆಳಗೆ ಎಸೆದು, ಎತ್ತರದ ಹಿಮ್ಮಡಿಯ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು.

"ಯಾರಾದ್ರೂ ಬೂಟು ಕೊಡಿ," ಅಂದಳು. "ಮತ್ತೆ ಅಪ್ಪನ್ನ ತನ್ನಿ."

ಗಾಡಿಯನ್ನು ಹಿಮದಿಂದ ಎಳೆದು, ಚಕ್ರಗಳಿಗೆ ಸೌದೆಯ ಕೊರಡು ಅಡ್ಡ ಕೊಟ್ಟು, ಶವಪೆಟ್ಟಿಗೆ ಏರಿಸಿ ಬಿಗಿದರು. ಲೆಂಪಿ ಸ್ಟೇರಿಂಗ್ ಹಿಡಿದಳು. ಹಿಂದೆ ಎರಡು ಹಗ್ಗ, ಹಗ್ಗಕ್ಕೆ ಊರು. ನೆಲಮಾಳಿಗೆಯಿಂದ ಹೆಂಗಸರೂ ಏಪ್ರನ್ನಿನಲ್ಲೇ ಓಡಿ ಬಂದರು. ಒನ್ನಿ ಕೊರಡು ತೆಗೆದು ಓಡಿಹೋಗಿ ಹಗ್ಗ ಹಿಡಿದ.

ಗಾಡಿ ಇಳಿಜಾರಿಗೆ ಬಿದ್ದಿತು, ಹಗ್ಗ ಬಿಗಿಯಾಯಿತು, ವೇಗ ತಗ್ಗಿತು. ಇಷ್ಟು ಮೆತ್ತಗೆ ಈ ಗಾಡಿ ಯಾವತ್ತೂ ಗುಡ್ಡ ಇಳಿದಿರಲಿಲ್ಲ. ಲೆಂಪಿಯ ಕಾಲು ಅಭ್ಯಾಸಬಲದಿಂದ ಪೆಡಲನ್ನು ತಳಕ್ಕೆ ಒತ್ತಿಕೊಂಡೇ ಇತ್ತು. ಕನ್ನಡಿಯಲ್ಲಿ ನೋಡಿದಳು: ಪೆಟ್ಟಿಗೆಯ ಆಚೆ ಊರಿಗೆ ಊರೇ ಹಿಂದಕ್ಕೆ ವಾಲಿ, ಹಿಮ್ಮಡಿ ಊರಿ, ಹಲ್ಲು ಕಚ್ಚಿಕೊಂಡು ಬರುತ್ತಿತ್ತು.

"ಪೆಲ್ಕಿ, ಹಿಡ್ಕೊಳೋ, ನೇತಾಡ್ಬೇಡ."

"ಯಾಲ್ಮರ್, ಸ್ವಲ್ಪ ಊಟ ಕಡಿಮೆ ಮಾಡೋದಲ್ವೇನೋ."

ಬುಡದಲ್ಲಿ ಲೆಂಪಿಯ ಅಪ್ಪನ ಸೌನಾ ಇದ್ದ ಜಾಗ ದಾಟಿ ಸ್ಮಶಾನದ ಗೇಟು ಬಂತು. ಗೇಟಿನ ಪಕ್ಕ ಚಳಿಗಾಲದ ಕೊನೆಯ ಹಿಮದ ರಾಶಿ ಇನ್ನೂ ಕರಗದೆ ಕೂತಿತ್ತು. ಲೆಂಪಿ ಒಮ್ಮೆ ಹಿಂದೆ ನೋಡಿ, "ಬಿಡಿ" ಎಂದು ಕೂಗಿದಳು. ಹಗ್ಗ ಸಡಿಲಿತು. ಗಾಡಿ ಕೊನೆಯ ನಾಲ್ಕು ಹೆಜ್ಜೆ ತಾನಾಗಿ ಉರುಳಿ, ಮೂತಿಯನ್ನು ಹಿಮದಲ್ಲಿಟ್ಟು ನಿಂತಿತು. ಹಗ್ಗ ಹಿಡಿದವರು ಸಾಲಾಗಿ ಒಬ್ಬರ ಮೇಲೊಬ್ಬರು ಬಿದ್ದರು. ಪಾದ್ರಿಗಳು ಪೆಲ್ಕಿಯ ಮೇಲೆ ಬಿದ್ದರು. ನಗು ಶುರುವಾಗಿ ಗುಡ್ಡದ ಮೇಲಿನವರೆಗೂ ಹೋಯಿತು.

ಲೆಂಪಿ ಇಳಿದು ತಮ್ಮನ ಬಳಿ ಬಂದಳು. "ಒನ್ನಿ, ಮುಂದಿನ ಸಲ ನನ್ನ ಸರದಿ. ಆಗ ಗಾಡಿ ತೊಳೀಬೇಡ."

"ತೊಳೆಯಲ್ಲ ಅಕ್ಕ."

"ಮೇಲೆ ಬೇಕಾದ್ರೆ ತೊಳಿ."

ಎಲ್ಲರೂ ಎದ್ದು ಬಟ್ಟೆ ಕೊಡವಿಕೊಳ್ಳುತ್ತಿದ್ದರು. ಕೊಡವಿದಷ್ಟೂ ಕಪ್ಪು ಕೋಟುಗಳ ಮೇಲೆ ಬೆಳ್ಳಗಿನ ಕೈಗುರುತು ಮೂಡುತ್ತಿದ್ದವು. ಪೆಲ್ಕಿಯ ಕರೀ ಕೈಗವಸು ಬೆರಳಿನ ತುದಿಯವರೆಗೂ ಬೆಳ್ಳಗಾಗಿತ್ತು. ಇರೀನ್ ಯಾರದೋ ದೊಡ್ಡ ಬೂಟಿನಲ್ಲಿ ರಸ್ತೆಯ ನಡುವೆ ನಿಂತು ತನ್ನ ಎರಡೂ ಅಂಗೈ ನೋಡಿಕೊಂಡಳು. ಹಗ್ಗ ಉಜ್ಜಿ ಕೆಂಪಾಗಿದ್ದ ಚರ್ಮದ ಮೇಲೆ ಸಣ್ಣ ಸಣ್ಣ ಹರಳು. ಒಂದು ಅಂಗೈಯನ್ನು ಮೆಲ್ಲಗೆ ಬಾಯಿಯ ಹತ್ತಿರ ತಂದು, ನಾಲಿಗೆಯ ತುದಿ ತಾಗಿಸಿ, ಅಮ್ಮನ ಕಡೆ ನೋಡಿ ನಕ್ಕಳು.