ಬರಿಗೈಯವಳ ಕುರ್ಚಿ

ರಾತ್ರಿ ಹನ್ನೊಂದೂವರೆಗೆ ರಟ್ಟಿನ ತೆರೆಯ ಹಿಂದಿನಿಂದ 'ಟಕ್' ಎಂದು ಒಂದು ಸದ್ದು ಬಂತು. ಒಂದೇ ಒಂದು.

"ಹತ್ತೊಂಬತ್ತು," ಎಂದರು ಭಾವ, ತೆರೆಯ ಮೇಲಿಂದ ಮುಖ ಎತ್ತಿ. "ದಳಪತಿ ಕೈ ಕೊಡವಿಕೊಂಡ. ಕತ್ತಿ ಅವನ ಹತ್ರಾನೇ ಇದೆ. ಏನ್ ಮಾಡೋದು ಪುಟ್ಟಿ, ನಿನ್ನ ಗ್ರಹಚಾರ."

ಮೂವತ್ತೈದು ದಾಟಿದರೂ ಮನೆಯವರೆಲ್ಲರಿಗೂ ಪುಟ್ಟಿಯೇ ಆಗಿ ಉಳಿದಿದ್ದ ಆಕೆ ತೆರೆಯತ್ತ ಕಿವಿ ಇಟ್ಟೇ ಕೂತಳು. ಇಪ್ಪತ್ತು ಮುಖದ ದಾಳ ಮರದ ಮೇಜಿನ ಮೇಲೆ ಬಿದ್ದರೆ ಒಂದೇ ಸಲ ಸದ್ದು ಮಾಡಿ ಸುಮ್ಮನಾಗುವುದಿಲ್ಲ. ಉರುಳುತ್ತದೆ, ತಡವರಿಸುತ್ತದೆ, ಕೊನೆಗೆ ಒಂದು ಮಗ್ಗುಲಿಗೆ ಕೂರುತ್ತದೆ. ಹನ್ನೊಂದು ವರ್ಷ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಕೂತು ತಟ್ಟೆಗೆ ಮಾತ್ರೆ ಸುರಿದವಳ ಕಿವಿ ಅದು. ಹತ್ತು ಬಿದ್ದವೋ ಒಂಬತ್ತೋ ಎಂಬುದನ್ನು ಕಣ್ಣಿಗಿಂತ ಮೊದಲು ಅದೇ ಹೇಳುತ್ತಿತ್ತು. ಈಗ ಕೇಳಿದ್ದು ದಾಳದ ಸದ್ದಲ್ಲ. ಉಂಗುರದ ಬೆರಳಿನಿಂದ ಮೇಜು ತಟ್ಟಿದ ಸದ್ದು.

ಶನಿವಾರ ಶನಿವಾರ ಅಕ್ಕನ ಮನೆಯ ಊಟದ ಮೇಜಿನ ಸುತ್ತ ನಡೆಯುವ ಆಟ ಇದು. ಒಬ್ಬೊಬ್ಬರದೂ ಒಂದೊಂದು ಪಾತ್ರ. ಆ ಪಾತ್ರದ ಬಲ, ವಿದ್ಯೆ, ಉಳಿದಿರುವ ಜೀವ ಎಲ್ಲ ಒಂದು ಹಾಳೆಯಲ್ಲಿ ಬರೆದಿರುತ್ತದೆ. ಕಥೆ ನಡೆಸುವವರು ಭಾವ. ಕಾಡು, ಕೋಟೆ, ಶತ್ರು ಎಲ್ಲ ಅವರ ಬಾಯಲ್ಲಿ. ಏನಾಯಿತೆಂದು ತೀರ್ಮಾನಿಸುವುದು ದಾಳ: ಬಿದ್ದ ಸಂಖ್ಯೆಗೆ ಪಾತ್ರದ ಬಲವನ್ನೋ ವಿದ್ಯೆಯನ್ನೋ ಕೂಡಿಸಿ, ಹೆಚ್ಚು ಬಂದವರು ಗೆದ್ದಂತೆ. ಉಳಿದವರೆಲ್ಲ ದಾಳವನ್ನು ಎದುರಿಗೇ ಹಾಕಬೇಕು. ಕಥೆ ನಡೆಸುವವರು ಮಾತ್ರ ತೆರೆಯ ಹಿಂದೆ ಹಾಕುತ್ತಾರೆ, ಗುಟ್ಟು ಮೊದಲೇ ಬಿಟ್ಟುಹೋಗಬಾರದೆಂದು. ಅಷ್ಟರ ಮಟ್ಟಿಗೆ ಅವರ ಮೇಲೆ ನಂಬಿಕೆ.

ಮೇಜಿಗೆ ಐದೇ ಕುರ್ಚಿ: ಭಾವ, ಅಕ್ಕ, ಪುಟ್ಟಿ, ಹಲ್ಲಿನ ಡಾಕ್ಟರರು, ಲೆಕ್ಕದ ಮೇಷ್ಟ್ರು. ಆರನೆಯದು ಹಾಕಿದರೆ ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಈ ಮನೆಯಲ್ಲೊಂದು ಕಟ್ಟಳೆ: ಯಾರ ಪಾತ್ರ ಸಾಯುತ್ತದೋ ಅವರು ಕಥೆ ಮುಗಿಯುವವರೆಗೆ ಕುರ್ಚಿ ಬಿಡಬೇಕು, ಕಾದಿರುವವರು ಬಂದು ಕೂರಬೇಕು. ಈ ಕಥೆ ಶುರುವಾಗಿ ಮೂರು ವರ್ಷವಾಗಿತ್ತು. ಮುಗಿಯಲು ಇನ್ನೆರಡು ಬೇಕೆಂದು ಭಾವನೇ ಹೇಳುತ್ತಿದ್ದರು.

ಪುಟ್ಟಿಯ ಪಾತ್ರ ಬರಿಗೈ. ಆಯುಧ ಮುಟ್ಟದ ಕುಸ್ತಿಯವಳು. ಅವಳ ವಿದ್ಯೆಯೆಲ್ಲ ಒಂದರಲ್ಲೇ: ಎದುರಾಳಿಯ ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುವುದು. ಎದೆಗೆ ಗುದ್ದುವುದಿಲ್ಲ, ಮಣಿಕಟ್ಟು ನೋಡುತ್ತಾಳೆ. ಈಟಿ ಹಿಡಿದವನ ಒಳಗೆ ನುಗ್ಗಿ ಮೊಣಕೈ ಮಡಿಸುತ್ತಾಳೆ, ಕೊಡಲಿ ಎತ್ತಿದವನ ಹೆಬ್ಬೆರಳು ಹಿಂದಕ್ಕೆ ತಿರುಚುತ್ತಾಳೆ. ಹಿಂದಿನ ದಿನ ಕಿಟಕಿಯಾಚೆಯಿಂದ ಒಬ್ಬಾತ, "ಕಣ್ಣು ಕಾಣ್ಸಲ್ವೇನಮ್ಮ ನಿಂಗೆ?" ಎಂದು ಮಾತ್ರೆಯ ಹಾಳೆಯನ್ನು ಅವಳ ಮುಖದತ್ತ ಎಸೆದಿದ್ದ. ತಪ್ಪು ಚೀಟಿ ಬರೆದವರದಾಗಿತ್ತು. "ಕ್ಷಮಿಸಿ ಸರ್," ಎಂದು ಇವಳು ಹಾಳೆ ಹೆಕ್ಕಿಕೊಟ್ಟಿದ್ದಳು. ಆರು ದಿನ ಕ್ಷಮಿಸಿ ಎನ್ನುವ ಬಾಯಿ ಏಳನೆಯ ದಿನ, "ಅವನ ಕೈ ಹಿಡೀತೀನಿ," ಎನ್ನುತ್ತಿತ್ತು. ಆ ಕುರ್ಚಿ ಹೋದರೆ ಅವಳಿಗೆ ಏಳನೆಯ ದಿನವೂ ಇರುವುದಿಲ್ಲ.

ಆರು ವಾರದಿಂದ ಆ ಒಂದು ವಿದ್ಯೆ ನಡೆಯದ ಹಾಗೆ ಆಗಿತ್ತು. ಮೊದಲ ವಾರ ಶತ್ರುವಿನ ಕಡೆಯ ಕರಿಕತ್ತಿಯ ದಳಪತಿಯ ಮಣಿಕಟ್ಟು ಹಿಡಿದಳು. "ಕತ್ತಿಗೆ ಸರಪಣಿ ಇದೆ," ಎಂದರು ಭಾವ, ಆಮೇಲೆ ನೆನಪಾದವರಂತೆ. ಮರುವಾರ ಕೈಗವಸಿಗೆ ಅಂಟು ಬಂತು. ಅದಾದ ಮೇಲೆ ದಳಪತಿಯೂ ಅದೇ ಗರಡಿಯಲ್ಲಿ ಪಳಗಿದವನಾದ. ಪುಟ್ಟಿ ಒಂದೊಂದನ್ನೂ ದಿನಾಂಕ ಹಾಕಿ ಬರೆದಿಟ್ಟುಕೊಳ್ಳುತ್ತಿದ್ದಳು. ಜಗಳಕ್ಕಲ್ಲ, ಬರೆಯದಿದ್ದರೆ ತಾನೇ ತಪ್ಪು ಕೇಳಿಸಿಕೊಂಡೆನೆಂದು ನಂಬಿಬಿಡುವ ಸ್ವಭಾವ ಅವಳದು.

ಈ ವಾರ ಲೆಕ್ಕ ಹಾಕಿ ಬಂದಿದ್ದಳು. ಹಲ್ಲಿನ ಡಾಕ್ಟರರ ಕೊಡಲಿಯವನು ಕತ್ತಿಯ ಅಲಗನ್ನು ಕೊಡಲಿಯ ಕೊಕ್ಕೆಯಲ್ಲಿ ಸಿಕ್ಕಿಸಬೇಕು. ಅಕ್ಕನ ಕಳ್ಳಿ ಹಿಂದಿನಿಂದ ಬಂದು ಸರಪಣಿ ಕತ್ತರಿಸಬೇಕು. ಲೆಕ್ಕದ ಮೇಷ್ಟ್ರ ಮಂತ್ರವಾದಿ ದಳಪತಿಯ ಕಣ್ಣಿಗೆ ಹೊಗೆ ಬಿಡಬೇಕು. ಅಷ್ಟಾದ ಮೇಲೆ ಬರಿಗೈ. ಮೂವರ ಸಹಾಯ ಇದ್ದವರಿಗೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಹಕ್ಕು. ಎಲ್ಲ ಅಂದುಕೊಂಡಂತೆಯೇ ಆಯಿತು. ಸರಪಣಿ ತುಂಡಾಯಿತು, ಅಲಗು ಸಿಕ್ಕಿಬಿತ್ತು. ಅವಳಿಗೆ ಹದಿನಾರು ಬಿದ್ದಿತ್ತು. ಆಗ ಆ ಟಕ್.

"ಸರಿ," ಭಾವ ಕೈ ಉಜ್ಜಿಕೊಂಡರು. "ದಳಪತಿ ತಿರುಗಿಸಿ ಹೊಡೆದ. ಪುಟ್ಟಿಗೆ ಉಳಿದಿರೋ ಜೀವ ನಾಲ್ಕು. ಇನ್ನೊಂದು ಸರದಿ ಅವಳದು, ಆಮೇಲೆ ಅವನದು. ಅವನ ಏಟು ಬಿತ್ತು ಅಂದ್ರೆ ಮುಗೀತು. ಹತ್ತು ನಿಮಿಷ ಬಿಡುವು ಕೊಡೋಣ."

"ಅಳ್ಬೇಡಿ ಮೇಡಂ," ಡಾಕ್ಟರರು ಎದ್ದು ಮೈ ಮುರಿದರು. "ಸತ್ರೆ ನಮ್ ಕ್ಲಿನಿಕ್ಕಿಗೆ ಬನ್ನಿ. ಒಂದು ಹಲ್ಲು ಪುಕ್ಕಟೆ ಕೀಳ್ತೀನಿ."

"ಆರು ವಾರ ಆರೂ ಸಲ, ಇವತ್ತು ಮೂವರ ಸಹಾಯ ಇದ್ದೂ ಸೋಲೋದು," ಮೇಷ್ಟ್ರು ಕನ್ನಡಕ ಒರೆಸಿದರು, "ಲೆಕ್ಕಕ್ಕೆ ಸಿಕ್ಕಲ್ಲ ಕಣ್ರೀ. ಆದ್ರೆ ದಾಳ ಅಲ್ವಾ, ಅದಕ್ಕೆ ಯಾರಪ್ಪನ ಹಂಗು?"

ಇಬ್ಬರೂ ಬಾಲ್ಕನಿಗೆ ಹೋದರು. ಅಕ್ಕ ಚಹಾಕ್ಕೆ ನೀರಿಡಲು ಒಳಗೆ ನಡೆದಳು. ಭಾವ ಬಚ್ಚಲಿಗೆ ಹೋದರು. ಪುಟ್ಟಿ ಎದ್ದಳು. ತೆರೆಯನ್ನು ಎರಡು ಕೈಯಿಂದ ಎತ್ತಿ ಪಕ್ಕಕ್ಕಿಟ್ಟಳು.

ದಾಳಗಳು ಡಬ್ಬಿಯಲ್ಲಿದ್ದವು. ಮುಚ್ಚಳ ಹಾಕಿತ್ತು, ಮೇಲೆ ಎರಡು ಸುತ್ತು ರಬ್ಬರ್ ಬ್ಯಾಂಡ್. ಪಕ್ಕದಲ್ಲಿ ಹೊಸದೊಂದು ಪಾತ್ರದ ಹಾಳೆ, ಭಾವನ ದುಂಡು ಅಕ್ಷರದಲ್ಲಿ: ಬಿಲ್ಲುಗಾರ, ಜೀವ ನಲವತ್ತು, ಆಡುವವರು ಸಾಹೇಬರು, ಎಂದರೆ ಭಾವನ ಆಫೀಸಿನ ಮೇಲಧಿಕಾರಿ. ಕೆಳಗೆ ಪೆನ್ಸಿಲಿನಲ್ಲಿ, 'ಮುಂದಿನ ಶನಿವಾರದಿಂದ. ಪುಟ್ಟಿ ಜಾಗ.'

ಅವಳಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಆರು ಶನಿವಾರ. ಪ್ರತಿ ಸಲ ಸೋತಾಗಲೂ ರಾತ್ರಿ ಹಾಸಿಗೆಯಲ್ಲಿ ತನ್ನ ಯೋಜನೆಯ ತಪ್ಪು ಹುಡುಕಿದ್ದಳು. ಮೊದಲು ಕಾಲು ಹಿಡಿಯಬೇಕಿತ್ತೇ, ಬೆಳಕಿಗೆ ಬೆನ್ನು ಮಾಡಿ ನಿಲ್ಲಬೇಕಿತ್ತೇ ಎಂದು. ಇವರು ಬೆರಳಲ್ಲಿ ಮೇಜು ತಟ್ಟಿದ್ದರು.

"ಅದನ್ನ ಯಾಕೆ ತೆಗ್ದೆ?" ಭಾವ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು.

"ದಾಳ ಡಬ್ಬೀಲಿದೆ ಭಾವ."

"ಹಾಕಿ ಎತ್ತಿಟ್ಟೆ."

"ರಬ್ಬರ್ ಬ್ಯಾಂಡೂ ಸುತ್ತಿದ್ರಾ?"

ಅವರು ಅಡುಗೆಮನೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೆಲ್ಲಗೆ ಕಣೇ. ಆಟ ಇದು. ಒಂದು ಹಾಳೆ ಹೋದ್ರೆ ಏನಾಗತ್ತೆ ನಿಂಗೆ?"

"ಆಟಾನೇ ಆದ್ರೆ ನಿಮ್ಮ ಸಾಹೇಬ್ರು ಕಾಯ್ಲಿ."

"ಆಗಲ್ಲ ಪುಟ್ಟಿ." ಅವರು ಕುರ್ಚಿಯ ಬೆನ್ನು ಹಿಡಿದರು. "ಆಫೀಸಲ್ಲಿ ಹನ್ನೆರಡು ಜನರನ್ನ ತೆಗೀತಿದಾರೆ. ಪಟ್ಟೀಲಿ ನನ್ನ ಹೆಸರಿದೆ. ಪಟ್ಟಿ ಸಾಹೇಬ್ರ ಕೈಲಿದೆ. ಆ ಮನುಷ್ಯನಿಗೆ ಈ ಆಟದ ಹುಚ್ಚು, ಎಲ್ಲೂ ಜಾಗ ಸಿಕ್ಕಿಲ್ಲ. ನಾನು ಕೊಡ್ತೀನಿ ಅಂದ್ಬಿಟ್ಟೆ. ನಿಮ್ಮಕ್ಕಂಗೆ ಇದ್ಯಾವುದೂ ಗೊತ್ತಿಲ್ಲ."

ಹಾಗೆಂದು ಅವರು ಕಣ್ಣು ಕೆಳಗೆ ಹಾಕಿದರು. ಇವಳಿಗೆ ಪಾಪ ಎನಿಸಬೇಕಿತ್ತು. ಎನಿಸಿತು ಕೂಡ, ಒಂದು ಕ್ಷಣ. ಅದರ ಹಿಂದೆಯೇ ಕೋಪ ಇಮ್ಮಡಿಯಾಗಿ ನುಗ್ಗಿತು. ಮೋಸ ಸಿಕ್ಕಿಬಿದ್ದ ಮೇಲೆ ಕಷ್ಟವನ್ನು ತಂದು ಅವಳ ಮಡಿಲಿಗೆ ಹಾಕುತ್ತಿದ್ದಾರೆ, ಅದನ್ನೂ ಅವಳೇ ಹೊರಬೇಕೆಂಬಂತೆ.

"ಐದು ಜನ ಇದ್ದೀವಿ ಮೇಜಿಗೆ. ನಾನೇ ಯಾಕೆ?"

ಅವರು ಕುರ್ಚಿಯ ಬೆನ್ನನ್ನು ಉಗುರಿನಿಂದ ಕೆರೆದರು.

"ಡಾಕ್ಟರು ಕೂಗಾಡ್ತಾರೆ. ಮೇಷ್ಟ್ರು ಲೆಕ್ಕ ಕೇಳ್ತಾರೆ. ಅಕ್ಕ ಮುನಿಸ್ಕೋತಾಳೆ. ಪುಟ್ಟಿ ಆದ್ರೆ ಬಾಯಿ ಮುಚ್ಕೊಂಡು ಎದ್ದು ಹೋಗ್ತಾಳೆ. ಹಾಗೇ ತಾನೆ?"

"ಕೇಳಿದ್ರೆ ಕೊಡ್ತಿದ್ಯಾ ನೀನು?"

ಅವಳು ಯೋಚಿಸಿದಳು. ಸುಳ್ಳು ಹೇಳಲು ಅದು ಹೊತ್ತಾಗಿರಲಿಲ್ಲ. "ಇಲ್ಲ. ಕೊಡ್ತಿರ್ಲಿಲ್ಲ. ಆದ್ರೆ ಕೇಳ್ಬೇಕಿತ್ತು ನೀವು. ನನ್ನ ಮುಖ ನೋಡಿ ಕೇಳ್ಬೇಕಿತ್ತು." ದನಿ ಏರುತ್ತಿತ್ತು, ತಗ್ಗಿಸಲು ಅವಳು ಪ್ರಯತ್ನಿಸಲಿಲ್ಲ. "ಈ ತೆರೆ ವಾಪಸ್ ಬರಲ್ಲ. ಮುಂದಿನ ದಾಳ ಎಲ್ಲರ ಎದುರಿಗೆ ಹಾಕ್ತೀರಿ."

"ಸೋತ್ರೆ?"

"ಸೋತ್ರೆ ಎದ್ದು ಹೋಗ್ತೀನಿ. ನಿಮ್ಮ ಸಾಹೇಬ್ರು ಬಂದು ಕೂತ್ಕೊಳ್ಲಿ."

ಅಕ್ಕ ಚಹಾದ ತಟ್ಟೆ ಹಿಡಿದು ಬಂದಳು. ಬಾಲ್ಕನಿಯಿಂದ ಇಬ್ಬರೂ ಒಳಗೆ ಬಂದರು. "ಇದೇನು, ತೆರೆ ಎಲ್ಲಿ?" ಎಂದರು ಮೇಷ್ಟ್ರು.

ಪುಟ್ಟಿ ಬಾಯಿ ತೆರೆಯುವ ಮೊದಲೇ ಭಾವ ನಕ್ಕರು. ಸಾಹೇಬರ ಹಾಳೆ ಅಷ್ಟರಲ್ಲಿ ಪುಸ್ತಕದೊಳಗೆ ಸೇರಿತ್ತು. "ನಾನೇ ತೆಗ್ದೆ. ಒಂದು ಪಾತ್ರದ ಜೀವ ಹೋಗೋ ಹೊತ್ತು. ಆಮೇಲೆ ಯಾರೂ ಒಂದು ಮಾತು ಆಡಬಾರದು ನೋಡಿ."

"ಭೇಷ್!" ಡಾಕ್ಟರರು ಮೇಜು ಗುದ್ದಿದರು. "ನ್ಯಾಯ ಅಂದ್ರೆ ಇದು."

ಪುಟ್ಟಿ ಚಹಾದ ಲೋಟವನ್ನು ಬೆರಳು ಸುಡುವಷ್ಟು ಗಟ್ಟಿಯಾಗಿ ಹಿಡಿದಳು.

"ಏನ್ ಮಾಡ್ತಾಳೆ ಬರಿಗೈ?" ಭಾವ ಕೇಳಿದರು.

"ಕತ್ತಿಗೆ ಹೋಗಲ್ಲ." ಅವಳು ಹಾಳೆ ನೋಡಲಿಲ್ಲ, ಅವರನ್ನೇ ನೋಡಿದಳು. "ಅವನು ಹೊಡೆಯಕ್ಕೆ ಅಂತ ಕೈ ಎತ್ತಿದಾನಲ್ಲ, ಎತ್ತಲಿ. ತಡೆಯಲ್ಲ. ಒಳಗೆ ನುಗ್ಗಿ ಎದೆಗೆ ಎದೆ ಹಚ್ಚಿ ನಿಲ್ತೀನಿ. ಅಷ್ಟು ಹತ್ರ ಬಂದ್ರೆ ಉದ್ದ ಕತ್ತಿ ಕೆಲಸಕ್ಕೆ ಬರಲ್ಲ. ಅವನು ಹಿಂದೆ ಹೆಜ್ಜೆ ಇಡ್ಲೇಬೇಕು. ಹೆಜ್ಜೆ ಎತ್ತಿದಾಗ ಹಿಮ್ಮಡಿ ಹೊಡೆದು, ಅವನು ಬೀಳೋವಾಗ ಹೆಬ್ಬೆರಳು ತಿರುಚ್ತೀನಿ. ಬೀಳೋನು ನೆಲ ಊರೋಕೆ ಕೈ ಬಿಚ್ಚಲೇಬೇಕು."

"ಅಬ್ಬಾ," ಎಂದಳು ಅಕ್ಕ.

ಭಾವ ರಬ್ಬರ್ ಬ್ಯಾಂಡ್ ಬಿಚ್ಚಿ ದಾಳ ಹಾಕಿದರು. ಅದು ಉರುಳಿ, ಸಕ್ಕರೆ ಡಬ್ಬಿಗೆ ಬಡಿದು, ಹದಿನಾರು ತೋರಿಸಿ ನಿಂತಿತು. ದಳಪತಿಯ ಬಲ ಐದು ಸೇರಿ ಇಪ್ಪತ್ತೊಂದು. ಮೂವರ ಸಹಾಯ ಇನ್ನೂ ಇದ್ದುದರಿಂದ ಪುಟ್ಟಿ ಎರಡು ದಾಳ ಹಾಕಿದಳು. ಒಂದರಲ್ಲಿ ಮೂರು. ಇನ್ನೊಂದು ಮೇಜಿನ ಅಂಚಿನವರೆಗೆ ಹೋಗಿ ನಿಂತಿತು. ಹದಿನೈದು.

"ಇವಳ ವಿದ್ಯೆ ಏಳು," ಮೇಷ್ಟ್ರು ಅವಳ ಹಾಳೆಯ ಮೇಲೆ ಬಗ್ಗಿದರು. "ಹದಿನೈದು, ಏಳು... ಇಪ್ಪತ್ತೆರಡು! ಒಂದರಲ್ಲಿ ಗೆದ್ಲು!"

ಅಕ್ಕ ಕಿರುಚಿದಳು. ಡಾಕ್ಟರರು ಭಾವನ ಬೆನ್ನಿಗೆ ಧಡಧಡ ಬಡಿದರು. "ಏನ್ ನಡೆಸ್ತೀರ್ರೀ ಕಥೇನ! ಆರು ವಾರ ಅರೆದು ಅರೆದು, ಕೊನೇಲಿ ಎಲ್ಲರ ಎದುರು ಬಿಟ್ರಲ್ಲ! ಇನ್ಯಾರಿಗೆ ಬರತ್ತೆ ಹೀಗೆ?" ಮೇಷ್ಟ್ರು ಎದ್ದು ಕೈ ಕುಲುಕಿದರು. ಭಾವ ಬಿಳಿಚಿಕೊಂಡ ಮುಖದಲ್ಲೇ ನಕ್ಕರು, ತಲೆ ಬಾಗಿಸಿದರು, ಹೊಗಳಿಕೆಯನ್ನು ಒಂದೊಂದಾಗಿ ಪಡೆದುಕೊಂಡರು. ಪುಟ್ಟಿಗೆ ಆ ನಗುವನ್ನು ಕೆರೆದು ತೆಗೆಯಬೇಕೆನಿಸಿತು. ಹೇಳಿಬಿಡಲೇ? ಟಿಪ್ಪಣಿ ಪುಸ್ತಕ ಕೈಚೀಲದಲ್ಲೇ ಇತ್ತು, ಆರೂ ವಾರದ್ದು, ದಿನಾಂಕದ ಸಮೇತ. ಮೇಷ್ಟ್ರ ಮುಂದೆ ಇಟ್ಟರೆ ಐದು ನಿಮಿಷದ ಕೆಲಸ.

ಗಂಡಸರು ಚಪ್ಪಲಿ ಹುಡುಕುತ್ತಿದ್ದಾಗ ಅಕ್ಕ ಲೋಟ ತೊಳೆಯುತ್ತಿದ್ದಳು. ಪುಟ್ಟಿ ಒರೆಸುತ್ತಿದ್ದಳು.

"ನಂಗೆ ಒಳಗೊಳಗೇ ಒಂದು ಹೆದರಿಕೆ ಇತ್ತು ಕಣೆ," ಎಂದಳು ಅಕ್ಕ. "ನಾದಿನಿ ಅಂತ ನಿನ್ನನ್ನ ಸುಮ್ನೆ ಗೆಲ್ಲಿಸಿಬಿಡ್ತಾರೇನೋ ಅಂತ. ಉಹೂಂ. ಒಂಚೂರೂ ಬಿಟ್ಟುಕೊಡ್ಲಿಲ್ಲ ನೋಡು. ಬೇರೆ ಏನೇ ಇರ್ಲಿ, ಇವ್ರು ಮೋಸ ಮಾಡೋ ಜಾತಿಯಲ್ಲ." ನಲ್ಲಿ ನಿಲ್ಲಿಸಿ ತಂಗಿಯ ಮುಖ ನೋಡಿದಳು. "ಗೆದ್ದವಳು ನೀನು. ಯಾಕೆ ಹೀಗೆ ದುರುಗುಟ್ಕೊಂಡು ನಿಂತಿದೀಯ? ಏನಾಯ್ತು?"

ಪಕ್ಕದ ಕೋಣೆಯಲ್ಲಿ ಭಾವನ ಮಾತು ಅರ್ಧಕ್ಕೆ ನಿಂತಿತು. ಅವರು ಕಿವಿ ಕೊಟ್ಟಿದ್ದಾರೆಂದು ಪುಟ್ಟಿಗೆ ಗೊತ್ತಾಯಿತು. ಮೋಸವನ್ನು ಹೇಳಿದರೆ ಸಾಹೇಬರನ್ನು ಹೇಳಬೇಕು, ಸಾಹೇಬರನ್ನು ಹೇಳಿದರೆ ಪಟ್ಟಿಯನ್ನು ಹೇಳಬೇಕು. ಕೆಲಸ ಹೋಗಬಹುದೆಂಬ ಸುದ್ದಿ ಅಕ್ಕನಿಗೆ ತಂಗಿಯ ಬಾಯಿಂದ, ಸಿಟ್ಟಿನ ಬಾಯಿಂದ ಬರಬೇಕು. ಅದನ್ನು ಹೇಳುವ ಕೆಲಸ ಅವರದು. ಅವರೇ ಮಾಡಲಿ, ನಾಲಗೆ ಒಣಗಿಸಿಕೊಂಡು, ಹೆಂಡತಿಯ ಮುಖ ನೋಡಿ. ಅದನ್ನು ಅವರಿಗಾಗಿ ಹಗುರ ಮಾಡಿಕೊಡಲು ಅವಳು ಸಿದ್ಧಳಿರಲಿಲ್ಲ. ಕ್ಷಮಿಸಲೂ ಸಿದ್ಧಳಿರಲಿಲ್ಲ. ಮುಂದಿನ ಶನಿವಾರ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾಳೆ, ಅದರ ಮುಂದಿನ ಶನಿವಾರವೂ. ಅವರು ಅವಳ ಕಣ್ಣು ತಪ್ಪಿಸುತ್ತಲೇ ಕಥೆ ನಡೆಸಲಿ.

"ಏನಿಲ್ಲ ಕಣೆ," ಎಂದಳು. ಅಕ್ಕನಿಗಾಗಲಿ, ಡಾಕ್ಟರರಿಗಾಗಲಿ, ಮೇಷ್ಟ್ರಿಗಾಗಲಿ, ಯಾರಿಗೂ ಹೇಳುವುದಿಲ್ಲವೆಂದು ಅಷ್ಟು ಹೊತ್ತಿಗೆ ಅವಳು ತೀರ್ಮಾನಿಸಿಯಾಗಿತ್ತು. ಕೈಯಲ್ಲಿದ್ದ ಲೋಟ ಆಗಲೇ ಒಣಗಿತ್ತು. ಆದರೂ ಒರೆಸುತ್ತಲೇ ಇದ್ದಳು.