ಕಚ್ಚಿಕೊಂಡ ಮುಚ್ಚಳ

“ನನ್ನ ಮುಖ ಎಂತಕ್ಕೆ ನೋಡುದು ನೀವು? ನಾನೆಂತ ಅದನ್ನು ಕಚ್ಚಿ ತಿಂದದ್ದಾ?”

ಆಶಾಲತಾ ಸೌಟನ್ನು ಸಿಂಕಿಗೆ ಎಸೆದಳು. ಊಟದ ಮೇಜಿನ ಮೇಲೆ ಕ್ಷಮಾಳ ಸ್ಟೀಲ್ ಗ್ರೈಂಡರ್ ಇತ್ತು. ಒಣ ಸೊಪ್ಪು ಪುಡಿಮಾಡಲಿಕ್ಕೆಂದೇ ಇರುವ, ಅಂಗೈ ತುಂಬುವ, ಭಾರದ ಡಬ್ಬಿ. ಮುಚ್ಚಳ ಕಚ್ಚಿಕೊಂಡಿತ್ತು. ಅಂಚು ಒಂದು ಕಡೆ ಜಜ್ಜಿಹೋಗಿತ್ತು.

“ತನ್ನಷ್ಟಕ್ಕೆ ಜಜ್ಜಿಹೋಗ್ಲಿಕ್ಕೆ ಅದೆಂತ ಬಾಳೆಹಣ್ಣಾ?” ಎಂದ ಅವಳ ಗಂಡ ನಿತ್ಯಾನಂದ. ಕೋಲ್ಕತ್ತದ ಬಿಬಿಡಿ ಬಾಗಿನಲ್ಲಿರುವ ತನ್ನ ಬ್ಯಾಂಕಿಗೆ ಹೊರಟವನು, ಒಂದೇ ಕಾಲಿಗೆ ಶೂ ಹಾಕಿಕೊಂಡು ನಿಂತಿದ್ದ.

“ಬಿಡಿ ಭಾವ, ಹೋದ್ರೆ ಹೋಯ್ತು,” ಎಂದಳು ಕ್ಷಮಾ, ಮೆಲ್ಲಗೆ.

ಆ ಮೆಲ್ಲಗಿನ ಮಾತೇ ಆಶಾಲತಾಳಿಗೆ ಮೈ ಉರಿಸುತ್ತಿದ್ದದ್ದು. ಕ್ಷಮಾ ಮೈದುನ ಸಂದೀಪನ ಹೆಂಡತಿ. ಸಂದೀಪನಿಗೆ ಕೋಲ್ಕತ್ತಕ್ಕೆ ವರ್ಗವಾಗಿ, ಜೋಕಾದಲ್ಲಿ ಬಾಡಿಗೆ ಮನೆ ಸಿದ್ಧವಾಗುವ ತನಕ ಇಬ್ಬರೂ ಬಾಲಿಗಂಜಿನ ಈ ಫ್ಲಾಟಿನಲ್ಲೇ ಇದ್ದರು. ಬಂದ ವಾರದಲ್ಲೇ ಅವಳು ಒಣಗಿಸಿದ ತುಳಸಿ, ಮಜ್ಜಿಗೆಹುಲ್ಲು ಆ ಡಬ್ಬಿಯಲ್ಲಿ ತಿರುವಿ ಕಷಾಯ ಮಾಡಿಕೊಟ್ಟಳು. ನಿತ್ಯಾನಂದ ಒಂದು ಗುಟುಕು ಕುಡಿದು, “ಹಾಗಾದ್ರೆ ಇಷ್ಟು ವರ್ಷ ನಾನು ಕುಡಿದದ್ದು ಎಂತ ಮಾರಾಯ್ತಿ?” ಎಂದು ನಕ್ಕಿದ್ದ. ಇಪ್ಪತ್ತಾರು ವರ್ಷ ಕಷಾಯ ಕಾಯಿಸಿ ಕೊಟ್ಟ ಆಶಾಲತಾ ಅಲ್ಲೇ ದೋಸೆ ಎಬ್ಬಿಸುತ್ತಿದ್ದಳು. “ಮಿಕ್ಸಿ ಬಿಸಿಗೆ ಘಮ ಹೋಗ್ತದೆ ಅಕ್ಕ,” ಎಂದು ಕ್ಷಮಾಳ ಪಾಠ ಬೇರೆ.

ಭಾನುವಾರ ಬಂತೆಂದರೆ ಡಬ್ಬಿಗೆ ಬಾಣಂತಿಯ ಆರೈಕೆ. ಬಿಚ್ಚಿ ಅರ್ಧ ಗಂಟೆ ಫ್ರೀಜರಿನಲ್ಲಿ ಇಡುವುದು, ಪುಡಿಮಾಡುವ ಒಳಗಿನ ಹಲ್ಲುಗಳ ಸಂದಿಯ ಅಂಟು ಗಟ್ಟಿಯಾದ ಮೇಲೆ ಬ್ರಶ್ಶಿನಿಂದ ಉದುರಿಸುವುದು, ಒಣ ಬಟ್ಟೆಯಲ್ಲಿ ಒರೆಸುವುದು. ನಿತ್ಯಾನಂದ ಪೇಪರು ಮಡಚಿಟ್ಟು ನೋಡುತ್ತ ಕೂರುತ್ತಿದ್ದ.

ನಿನ್ನೆ ಮಧ್ಯಾಹ್ನ ಕ್ಷಮಾ ಹೊರಗೆ ಹೋದದ್ದೇ ಆಶಾಲತಾ ಅದನ್ನು ಕೈಗೆತ್ತಿಕೊಂಡಳು. ಅಂಥದೇ ಕಷಾಯ ಮಾಡಿ, ಗಂಡನಿಂದ ಅಂಥ ಹೊಗಳಿಕೆ ತಾನೂ ಹೇಳಿಸಿಕೊಳ್ಳಬೇಕಿತ್ತು. ಮುಚ್ಚಳ ಬಿಗಿ ಅನಿಸಿತು. ಊರಲ್ಲಿ ಬೀಗಕ್ಕೆ, ಬಾಗಿಲಿಗೆ ಬಿಡುವ ಹಾಗೆ ಧಾರಾಳ ತೆಂಗಿನೆಣ್ಣೆ ಬಿಟ್ಟು, ತಿರುಗಿಸಿ ಮುಚ್ಚಿ, ಕ್ಷಮಾ ಮಾಡುವಂತೆಯೇ ಫ್ರೀಜರಿನಲ್ಲಿಟ್ಟಳು. ತೆಗೆದಾಗ ಎಣ್ಣೆ ಹೆಪ್ಪುಗಟ್ಟಿ ಮುಚ್ಚಳ ಜಪ್ಪಯ್ಯ ಅನ್ನಲಿಲ್ಲ. ಸ್ವಲ್ಪ ಹೊತ್ತು ಹೊರಗಿಟ್ಟಿದ್ದರೆ ಬಿಡುತ್ತಿತ್ತೇನೋ. ಅವಳು ಕಾಯುವ ಜಾತಿಯಲ್ಲ. ತೆಂಗಿನಕಾಯಿ ಒಡೆಯುವ ಕತ್ತಿ ತೆಗೆದು ಅದರ ಹಿಂಬದಿಯಿಂದ ನಾಲ್ಕು ಬಾರಿಸಿದಳು. ನೆಲ ಒರೆಸುತ್ತಿದ್ದ ಕೆಲಸದ ಶೋಭಾ ತಲೆಯೆತ್ತಿ ನೋಡಿ, ಮತ್ತೆ ನೆಲ ಒರೆಸಿದ್ದಳು.

“ಶೋಭಾ ಬೀಳಿಸಿರ್ಬೇಕು,” ಎಂದಳು ಆಶಾಲತಾ ಈಗ.

ಬಾಲ್ಕನಿಯಲ್ಲಿ ಬಟ್ಟೆ ಹಿಂಡುವ ಸದ್ದು ನಿಂತಿತು. ಶೋಭಾ ಹದಿನಾಲ್ಕು ವರ್ಷದಿಂದ ಕ್ಯಾನಿಂಗ್ ಲೋಕಲ್ ರೈಲು ಹತ್ತಿ ಬಂದು ಈ ಮನೆಯಲ್ಲಿ ದುಡಿಯುವ ಬಂಗಾಳಿ ಹೆಂಗಸು. ಅವಳಿಗೆ ತಿಳಿಯಬಾರದ್ದನ್ನೆಲ್ಲ ಅವಳೆದುರೇ ಕನ್ನಡದಲ್ಲಿ ಆಡುವುದು ಮನೆಯ ರೂಢಿ. ಶೋಭಾ ಒದ್ದೆ ಕೈಯಲ್ಲೇ ಒಳಗೆ ಬಂದಳು.

“ನಾನಾ, ಬೌದಿ?” ಎಂದಳು. ಅತ್ತಿಗೆ ಎನ್ನುವ ಆ ಬಂಗಾಳಿ ಪದ ಬಿಟ್ಟರೆ ಕನ್ನಡದಲ್ಲೇ, ಇವರದೇ ರಾಗದಲ್ಲಿ.

ಆಶಾಲತಾ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಕ್ಷಮಾ, “ಪಾಪ, ಅವಳನ್ನು ಬೈಬೇಡಿ ಅಕ್ಕ, ಬೇಕೂಂತ ಮಾಡಿರ್ಲಿಕ್ಕಿಲ್ಲ,” ಎಂದಳು.

“ನೋಡು,” ಎಂದ ನಿತ್ಯಾನಂದ ಹೆಂಡತಿಗೆ. “ವಸ್ತು ಹಾಳಾದದ್ದು ಅವಳದ್ದು, ಬೊಬ್ಬೆ ಹೊಡೆಯುದು ನೀನು. ಆ ತಾಳ್ಮೆ ಸ್ವಲ್ಪ ಕಲಿ.”

“ಅವಳಲ್ಲದೆ ಮತ್ತೆ ನಾನಾ?” ಎಂದು ಕಿರುಚಿದಳು ಆಶಾಲತಾ.

ಶೋಭಾ ಕತ್ತಿಯ ಮಾತೆತ್ತಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಸೊಂಟದಿಂದ ಫ್ಲಾಟಿನ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟಳು. ಚಪ್ಪಲಿ ಹಾಕಿಕೊಂಡು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಮೆಟ್ಟಿಲಿಳಿದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಎತ್ತಲಿಲ್ಲ.

ಮೂರನೇ ದಿನ ಬೆಳಿಗ್ಗೆ ಆಶಾಲತಾ ಯಾರಿಗೂ ಹೇಳದೆ ಬಾಲಿಗಂಜ್ ಸ್ಟೇಷನ್ನಿಗೆ ನಡೆದಳು. ಕ್ಯಾನಿಂಗ್ ಲೋಕಲ್ ಬಂದು ನಿಂತಿತು. ಹೆಂಗಸರ ಡಬ್ಬಿಯಿಂದ ನೂರಾರು ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಇಳಿದು, ಅವಳ ಎರಡೂ ಪಕ್ಕದಿಂದ ಹಾದುಹೋದರು. ಅವರಲ್ಲಿ ಶೋಭಾ ಇರಲಿಲ್ಲ. ಗಾಡಿ ಹೊರಟಿತು. ಪ್ಲಾಟ್‌ಫಾರ್ಮಿನಲ್ಲಿ ಉಳಿದದ್ದು ಒಬ್ಬ ಮುದುಕಿ; ಬುಟ್ಟಿ ಇಳಿಸಿ, ಬಾಡಿದ ಹರಿವೆ ಸೊಪ್ಪಿನ ಕಟ್ಟುಗಳಿಗೆ ಬೊಗಸೆಯಿಂದ ನೀರು ಚಿಮುಕಿಸುತ್ತಿದ್ದಳು.