ಕಿಟಕಿ ಕೆಳಗಿನ ಆಂಪ್ಲಿಫೈಯರ್

ಹೊಲಿಗೆ ಮಿಷನ್ನಿಗೆ ಬೆಳಕು ಬೇಕು. ಶೀಳನೆರೆಯ ನಮ್ಮ ಮನೆಯಲ್ಲಿ ಒಳ್ಳೆಯ ಬೆಳಕು ಬರುವುದು ನಡುಮನೆಯ ಪೂರ್ವದ ಕಿಟಕಿಯಿಂದ ಮಾತ್ರ. ನಾನು ಮದುವೆಯಾಗಿ ಬಂದಾಗಿನಿಂದ ನನ್ನ ಮಿಷನ್ನು ಅಲ್ಲೇ ಇತ್ತು. ಈಗ ಆ ಜಾಗದಲ್ಲಿ ಒಂದು ಕರೀ ಪೆಟ್ಟಿಗೆ ಕೂತಿತ್ತು, ಅದರ ಹೆಸರು ಆಂಪ್ಲಿಫೈಯರ್. ಮದುವೆ ಸೀಸನ್ನಿನ ರವಿಕೆಗಳನ್ನೆಲ್ಲ ನಾನು ಅಡುಗೆಮನೆಯ ಮೂಲೆಯಲ್ಲಿ, ಮಿಣುಕು ಟ್ಯೂಬ್‌ಲೈಟಿನಡಿ, ಒಗ್ಗರಣೆ ಹೊಗೆಯಲ್ಲಿ ಹೊಲಿಯುತ್ತಿದ್ದೆ. ಕಿಟಕಿ ವಾಪಸ್ ಬೇಕಿತ್ತು ನನಗೆ, ಅಷ್ಟೇ.

ನನಗೊಂದು ಅಭ್ಯಾಸವಿದೆ, ಸಿಟ್ಟು ಬಂದರೆ ಗೊಣಗಿಕೊಂಡೇ ಹೊಲಿಯುತ್ತೇನೆ. ಗಂಡ, ಅತ್ತೆ, ಮಾವ, ಯಾರನ್ನೂ ಬಿಡುವುದಿಲ್ಲ. ಕಿಟಕಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಮಾವ ಕರಿಯಪ್ಪನವರು ಒಂದು ದಿನವೂ ಅದಕ್ಕೆ ಮುಖ ಸಿಂಡರಿಸಿದವರಲ್ಲ. ಎಂಥ ದೊಡ್ಡ ಮನಸ್ಸಪ್ಪಾ ಎಂದುಕೊಳ್ಳುತ್ತಿದ್ದೆ.

ಆ ಪೆಟ್ಟಿಗೆ ಮನೆಗೆ ಬಂದದ್ದೂ ಮಾವನ ಮಾತಿನಿಂದಲೇ. ನಮ್ಮವರು ರವೀಂದ್ರ, ಊರಿನ ಹಾಲಿನ ಡೈರಿ ಸೆಕ್ರೆಟರಿ. ಮನೆಯಲ್ಲಿ ಅವರದೊಂದು ಹೋಮ್ ಥಿಯೇಟರ್ ಸೆಟ್ಟಿದೆ. ಹಸುವಿನ ಮೈಯನ್ನಾದರೂ ಒಂದು ದಿನ ಉಜ್ಜದೆ ಬಿಟ್ಟಾರು, ಅದರ ಸ್ಪೀಕರಿನ ಧೂಳು ಒರೆಸದೆ ಬಿಡುವವರಲ್ಲ. ಈಚೆಗೆ ಮಾವ, ಸೆಟ್ಟಿನಲ್ಲಿ ಮಾತೆಲ್ಲ ಬಾಯಿಗೆ ಬಟ್ಟೆ ತುರುಕಿಕೊಂಡು ಆಡಿದ ಹಾಗಿದೆ ಎಂದು ದೂರುವುದಕ್ಕೆ ಶುರು ಮಾಡಿದರು. ತಮ್ಮ ಸೆಟ್ಟಿಗೆ ಯಾರಾದರೂ ಹೆಸರಿಟ್ಟರೆ ನಮ್ಮವರಿಗೆ ನಿದ್ದೆ ಬಾರದು. ಕೆ.ಆರ್. ಪೇಟೆಯಲ್ಲಿ ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಗೆಳೆಯ ನಾಗಾರ್ಜುನನನ್ನು ಕೇಳಿದರು. ಸೆಟ್ಟಿಗೆ ಶಕ್ತಿ ಸಾಲದಿರಬಹುದು, ಹೊರಗಿನಿಂದ ಒಂದು ಆಂಪ್ಲಿಫೈಯರ್ ಸೇರಿಸಿ ನೋಡು ಎಂದ ಅವನು. ಮಾರನೇ ವಾರವೇ ನನ್ನ ಮಿಷನ್ನು ಅಡುಗೆಮನೆ ಸೇರಿತು.

ಅಂದಿನಿಂದ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಹಾಡು. ಕೇಳಿದಿರಾ, ಎಷ್ಟು ಬಿಡಿಬಿಡಿಯಾಗಿದೆ, ತಬಲಾದ ಬೆರಳು ಲೆಕ್ಕ ಹಾಕಬಹುದು ಎಂದು ಇವರು ಹೇಳುವುದು, ಬಂದವರು ಹೌದೌದು ಎನ್ನುವುದು. ಮಾವನೂ ಕುರ್ಚಿಯಲ್ಲಿ ತಲೆ ತೂಗುತ್ತಿದ್ದರು. ನನಗಂತೂ ಮೊದಲೂ ಅಷ್ಟೇ, ಈಗಲೂ ಅಷ್ಟೇ ಕೇಳುತ್ತಿತ್ತು. ಕೊನೆಗೊಂದು ದಿನ ತಡೆಯಲಾರದೆ ಪಂಥ ಕಟ್ಟಿದೆ. ಪೆಟ್ಟಿಗೆ ಸೇರಿಸಿದಾಗ ಯಾವುದು, ಸೇರಿಸದಿದ್ದಾಗ ಯಾವುದು ಎಂದು ನೋಡದೆ ಇವರು ಹೇಳಿಬಿಡಲಿ, ಕಿಟಕಿಯ ಸುದ್ದಿ ಎತ್ತುವುದಿಲ್ಲ. ಹೇಳಲಾಗದಿದ್ದರೆ ಕಿಟಕಿ ನನ್ನದು.

ಭಾನುವಾರ ಬೆಳಗಿನ ಹಾಲು ಅಳೆದು ಮುಗಿಸಿ ಇವರು ಬಂದರು. ನಾಗಾರ್ಜುನನೂ ಬಂದು ಸೆಟ್ಟಿನ ಮುಂದೆ ಬೆಡ್‌ಶೀಟ್ ಕಟ್ಟಿ ಹಿಂದೆ ಕೂತ. ಎಲ್ಲರಿಗೂ ಗೊತ್ತಿರುವ ದನಿಯಾಗಲಿ ಎಂದು, ಅತ್ತೆ ಚಿಕ್ಕಬೋರಮ್ಮ ನಾದಿನಿಯ ಮದುವೆಯಲ್ಲಿ ಹೇಳಿದ್ದ ಸೋಬಾನೆ ಪದದ ರೆಕಾರ್ಡಿಂಗ್ ಹಾಕಿದ. ಯಾವುದು ಯಾವುದೆಂದು ಹೇಳಿಯೇ ಹಾಕಿದ ಮೊದಲ ಸುತ್ತಿನಲ್ಲಿ ಆಂಪ್ಲಿಫೈಯರ್ ಕಡೆಯದೇ ಚೆಂದ ಎಂದು ನನಗೂ ಅನಿಸಿತು. ಕಿಟಕಿ ಹೋಯಿತು ಎಂದುಕೊಂಡೆ. ಆಮೇಲೆ ಅನುಮಾನ ಬಂದು ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ ನೋಡಿದರೆ, ಅದು ಚೆಂದವೂ ಅಲ್ಲ ಗಿಂದವೂ ಅಲ್ಲ, ಬರೀ ಜೋರು. ಎರಡನ್ನೂ ಒಂದೇ ಮಟ್ಟಕ್ಕೆ ತರಬೇಕು ಎಂದು ಹಟ ಹಿಡಿದೆ. ನಾಗಾರ್ಜುನ ನಗುತ್ತಾ ಒಪ್ಪಿದ.

ಮಟ್ಟವೇನೋ ಒಂದೇ ಆಯಿತು. ಆದರೆ ಪದ ಶುರುವಾದ ಕೂಡಲೇ ಇವರು ಇದು ಆಂಪ್ಲಿಫೈಯರ್ ಎಂದು ಕೂಗುವುದು, ಅತ್ತೆ ಮಗನ ಮುಖ ನೋಡಿ ಹೌದು ಎನ್ನುವುದು. ಹೀಗಾದರೆ ಪರೀಕ್ಷೆ ನಡೆದ ಹಾಗೇ ಎಂದು ನಾನು ರೇಗಿದೆ. ಆಗ ಮಾವ ಹೆಗಲ ಮೇಲಿನ ಟವಲು ತೆಗೆದು ಮಡಿಲಿಗೆ ಹಾಸಿಕೊಂಡರು. ಅವರು ಪ್ರಾಯದಿಂದಲೂ ಹೇಮಗಿರಿ ದನದ ಜಾತ್ರೆಯಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ, ಟವಲಿನಡಿ ದಲ್ಲಾಳಿಯ ಬೆರಳು ಹಿಡಿದು ತಿಳಿಸುತ್ತಾರೆ, ಪಕ್ಕದಲ್ಲಿ ನಿಂತವನಿಗೂ ಗುಟ್ಟು ತಿಳಿಯದು.

"ಪೆಟ್ಟಿಗೇದು ಅನ್ನುಸುದ್ರೆ ಒಂದ್ ಬೆಳ್ಳು ಇಡ್ಕೊಳಿ, ಅಲ್ಲ ಅನ್ನುಸುದ್ರೆ ಎಲ್ಡು. ಬಾಯ್ ಬುಡ್ಬ್ಯಾಡಿ," ಎಂದರು ಮಾವ.

ಈ ಪರೀಕ್ಷೆಗೆ ಕಳೆ ಬಂದದ್ದೇ ಆಗ. ಮಾವ ಜಾತ್ರೆಯಲ್ಲಿ ಕೂರುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿ, ಮುಖದಲ್ಲಿ ಏನೂ ತೋರಗೊಡದೆ ಕೂತರು. ಪದಕ್ಕೆ ತಲೆ ತೂಗುತ್ತಾ ಸ್ವಲ್ಪ ಹೊತ್ತು ಬಿಟ್ಟು ಒಬ್ಬೊಬ್ಬರತ್ತ ಟವಲು ಒಡ್ಡುವರು. ಬೆರಳು ಹಿಡಿದಾದ ಮೇಲೆ ನಾಗಾರ್ಜುನನ ಕಡೆ ಬೆಡ್‌ಶೀಟಿನೊಳಗೆ ಕೈ ಚಾಚಿ ತೋರಿಸುವರು. ಇವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಅದನ್ನು ನೋಡಿಯೇ ನನ್ನ ಕಿಟಕಿ ಅರ್ಧ ವಾಪಸ್ ಬಂದ ಹಾಗಾಯಿತು.

ಸುಮಾರು ಸುತ್ತು ಮುಗಿದಿತ್ತು. ಅತ್ತೆಯ ದನಿ ಏರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಪದ ನಡುವೆಯೇ ನಿಂತಿತು, ಸೆಟ್ಟಿನ ಕೆಂಪು ದೀಪ ಆರಿತು. ಹಿತ್ತಿಲಲ್ಲಿ ಕೋಳಿ ಕೆದಕುವುದೂ ಕೇಳುವಷ್ಟು ನಿಶ್ಶಬ್ದ. ಥತ್ ಎನ್ನಲು ಬಾಯಿ ತೆರೆದವಳು ಹಾಗೇ ಉಳಿದೆ.

ಮಾವ ಕಣ್ಣು ಮುಚ್ಚಿ ತಲೆ ತೂಗುತ್ತಲೇ ಇದ್ದರು.

ತಾಳ ತಪ್ಪದ ಹಾಗೆ ತೂಗುತ್ತಿದ್ದರು. ಆಮೇಲೆ ಹೊತ್ತಾಯಿತು ಎಂದುಕೊಂಡು ಮಗನತ್ತ ಟವಲು ಒಡ್ಡಿದರು. ಇವರು ಕೈ ಕೊಟ್ಟರು, ಬೆರಳು ಹಿಡಿಯಲಿಲ್ಲ. ಮಾವ, ಯಾವುದು ಎಂದು ಕೇಳುವಂತೆ ಮಗನ ಕೈ ಅಲುಗಿಸಿದರು. ನಮ್ಮ ಮನೆಯಲ್ಲಿ ಎಲ್ಲರದೂ ದೊಡ್ಡ ಗಂಟಲು, ಎದುರಿಗೆ ನಿಂತೇ ಮಾತಾಡುತ್ತೇವೆ. ಅದರಲ್ಲಿ ಮಾವನ ಕಿವಿಯ ವಿಷಯ ಯಾರ ಗಮನಕ್ಕೂ ಬಂದಿರಲಿಲ್ಲ.

ಮಾವ ಕಣ್ಣು ಬಿಟ್ಟು ನಮ್ಮ ಮುಖ ನೋಡಿದರು, ಆರಿದ ಕೆಂಪು ದೀಪ ನೋಡಿದರು. ಒಂದು ಗಳಿಗೆ ಮುಖ ಕಪ್ಪಿಟ್ಟಿತು. ಆಮೇಲೆ ಮಗನ ಕೈಯನ್ನು ಟವಲಿನಡಿ ಹಾಗೇ ಹಿಡಿದುಕೊಂಡು ನಗತೊಡಗಿದರು.

"ಸೆಟ್ಟಿಂದೇನೂ ತಪ್ಪಿಲ್ಲ ಕಣ್ಲಾ, ತಪ್ಪೆಲ್ಲ ನನ್ ಕಿವೀದು. ಜಾತ್ರೇಲಿ ಯಾವ್ ಎತ್ತಿನ ಐಬೂ ಮುಚ್ಚಿಟ್ಟೋನಲ್ಲ ನಾನು. ನಂದೊಂದ್ ಮುಚ್ಚಿಟ್ಕೊಂಡ್ಬುಟ್ಟೆ."

ಇವರು ಅಪ್ಪನ ಕೈ ಬಿಡಲಿಲ್ಲ. ಅತ್ತೆ ಮಾತ್ರ, ಅದಕ್ಕೇನೋ ನನ್ನ ಮಾತಿಗೆ ಇಷ್ಟು ವರ್ಷದಿಂದ ಎದುರಾಡದೆ ಇದ್ದದ್ದು ಎಂದು ರಾಗ ತೆಗೆದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಪರೀಕ್ಷೆಯ ಫಲಿತಾಂಶವನ್ನು ನಾಗಾರ್ಜುನ ಬೆಡ್‌ಶೀಟ್ ಬಿಚ್ಚುತ್ತಾ ಹೇಳಿದ. ನಮ್ಮವರದೂ ನನ್ನದೂ ಸರಿ ಎಷ್ಟೋ ತಪ್ಪೂ ಅಷ್ಟೇ, ಕಣ್ಣು ಮುಚ್ಚಿ ಕಾಸು ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತಂತೆ. ಮಗನಿಗೆ ಬೇಜಾರಾದೀತೆಂದು ಅತ್ತೆ ಎಲ್ಲ ಸಲವೂ ಒಂದೇ ಬೆರಳು ಹಿಡಿದಿದ್ದರು. ದೊಡ್ಡ ಚೌಲ್ಟ್ರಿಯಾಗಿದ್ದರೆ ಬೇರೆ ಮಾತು, ಇಷ್ಟಗಲದ ನಡುಮನೆಗೆ ಸೆಟ್ಟಿನ ಶಕ್ತಿಯೇ ಮಿಕ್ಕುತ್ತದೆ ಎಂದು ಒಪ್ಪಿಕೊಂಡು, ಪೆಟ್ಟಿಗೆಯನ್ನು ತನ್ನ ಶಾಮಿಯಾನದ ಕೆಲಸಕ್ಕೆ ಗಾಡಿಗೆ ಹಾಕಿಕೊಂಡ. ಇವರು ಪೆಚ್ಚುಮೋರೆಯಲ್ಲೇ ನನ್ನ ಮಿಷನ್ನು ಎತ್ತಿ ತಂದು ಕಿಟಕಿಗೆ ಇಟ್ಟರು.

ಆ ವಾರವೇ ಮಂಡ್ಯದ ಕಿವಿ ಡಾಕ್ಟರಿಗೆ ತೋರಿಸಿ ಮಾವನಿಗೆ ಹುರುಳಿಕಾಳಿನ ಬಣ್ಣದ ಪುಟ್ಟ ಮಿಷನ್ನು ಹಾಕಿಸಿಕೊಂಡು ಬಂದೆವು. ನೋಡಲು ಬಂದ ನಾಗಾರ್ಜುನ, ಇದೂ ಹೊರಗಿನ ಆಂಪ್ಲಿಫೈಯರೇ, ಮೊದಲೇ ಇದನ್ನು ಹೇಳಬೇಕಿತ್ತು ನಾನು ಎಂದು ತಲೆ ಕೆರೆದುಕೊಂಡ.

ಮಾರನೇ ಬೆಳಿಗ್ಗೆ ಸೆಟ್ಟಿನಲ್ಲಿ ಅತ್ತೆಯ ಸೋಬಾನೆ ಸಣ್ಣಗೆ ಹಾಡುತ್ತಿತ್ತು. ಮಾವ ತಲೆ ತೂಗುತ್ತಾ ಕೂತಿದ್ದರು. ನಾನು ಕಿಟಕಿಯ ಬೆಳಕಿನಲ್ಲಿ ಖುಷಿಯಿಂದ ಪೆಡಲ್ ತುಳಿಯುತ್ತಿದ್ದೆ. ಇದ್ದಕ್ಕಿದ್ದಂತೆ ಮಾವ ನನ್ನ ಕಡೆ ತಿರುಗಿದರು.

"ನಿನ್ ಮಿಸನ್ನು ಕಿರ್ ಅಂತದೆ ಕಣವ್ವ. ಎಣ್ಣೆ ಬುಡು."

ನಾನು ಬಗ್ಗಿ ದಾರ ಪೋಣಿಸುತ್ತಾ, ಎಂದಿನ ಅಭ್ಯಾಸದಂತೆ, ಬಂದ್ರಪ್ಪ ಮಿಷನ್ ರಿಪೇರಿಯವರು ಎಂದು ಗೊಣಗಿಕೊಂಡೆ.

"ಅದೂ ಕೇಳುಸ್ತು ಕಣವ್ವ," ಎಂದರು ಮಾವ, ತಲೆ ತೂಗುವುದನ್ನು ನಿಲ್ಲಿಸದೆ.

ನಾನು ಎಣ್ಣೆ ಡಬ್ಬಿ ತರಲು ಎದ್ದೆ.